ಹುಳಿಮಕ್ಕಳು ಹೆಣ್ಣಿನ ಮೈಯ ಕಾವಲಿಗೆ ನಿಂತದ್ದು ಹೇಗೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಮನುಷ್ಯರ ಮೈಯೊಳಗಿನ ಸಣ್ಣ ಜೀವಗಳೂ ಮಾತಾಡುತ್ತಿದ್ದವು.

ಆಗ ಆದ ಒಂದು ಅನ್ಯಾಯದ ಕತೆ ಇದು, ಮಗಳೇ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ. ಯಾರೂ ಬಾಯಿಬಿಟ್ಟು ಹೇಳದೆ ಇದ್ದುದರಿಂದಲೇ ಆ ಅನ್ಯಾಯ ಇಷ್ಟು ಕಾಲ ಬಾಳಿತು.

ಭೂಮಿತಾಯಿ ಮನುಷ್ಯರನ್ನು ಮಾಡಿ ಮುಗಿಸಿದ ಮೇಲೆ ಒಬ್ಬೊಬ್ಬರ ರಕ್ತದಲ್ಲೂ ಕಾವಲಿನವರನ್ನು ಇಟ್ಟಳು. ಹೊರಗಿನಿಂದ ಕೇಡು ಬಂದರೆ ಹೊಡೆದು ಓಡಿಸುವುದು ಅವರ ಕೆಲಸ. ಕಾವಲಿನವರು ಶೂರರು, ಆದರೆ ಮುಂಗೋಪಿಗಳು. ಹೊಸಬರನ್ನು ಕಂಡರೆ ಬೆಂಕಿ ಹಚ್ಚುತ್ತಿದ್ದರು. ಆ ಬೆಂಕಿಯಲ್ಲಿ ಬಂದವರೂ ಸುಡುತ್ತಿದ್ದರು, ಮನೆಯ ಗೋಡೆಯೂ ಸುಡುತ್ತಿತ್ತು.

ಹೊಳೆದಂಡೆಯ ಒಂದು ಊರಿನಲ್ಲಿ ಕೆಂಚವ್ವ ಅನ್ನುವ ಹೆಂಗಸಿದ್ದಳು. ಮಡಕೆ ಮಾಡುವವಳು. ಅವಳ ಅತ್ತೆ ಹಾಲವ್ವ ಮಣ್ಣು ತುಳಿಯುತ್ತಿದ್ದಳು, ಇವಳು ತಟ್ಟುತ್ತಿದ್ದಳು. ಅತ್ತೆಗೆ ಮಾತು ಕಡಿಮೆ, ಸೊಸೆಗೆ ಮಾತು ಜಾಸ್ತಿ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಹೆಣ್ಣಿನ ಮೈಯಲ್ಲಿ ಯೋನಿ ಅನ್ನುವ ಬಾಗಿಲಿದೆ. ಹೆಸರು ಹೇಳುವುದಕ್ಕೆ ನಾಚಿಕೆ ಏನಿಲ್ಲ. ಕಣ್ಣು, ಕಿವಿ, ಮೂಗು ಇದ್ದ ಹಾಗೆ ಅದೂ ಒಂದು. ಮುಟ್ಟು ಹೊರಗೆ ಹೋಗುವುದು ಅಲ್ಲಿಂದ, ಮಗು ಹೊರಗೆ ಬರುವುದೂ ಅಲ್ಲಿಂದ. ಪೂರ್ತಿ ಮುಚ್ಚುವ ಹಾಗಿಲ್ಲ, ಪೂರ್ತಿ ತೆರೆದಿಡುವ ಹಾಗೂ ಇಲ್ಲ. ಕಾವಲಿನವರಿಗೆ ಅದೇ ದೊಡ್ಡ ತಲೆನೋವು.

ಒಂದು ದಿನ ಕೆಂಚವ್ವನ ಮೈಯ ಆ ಬಾಗಿಲಿಗೆ ಹುಳಿಮಕ್ಕಳು ಬಂದರು. ಕಣ್ಣಿಗೆ ಕಾಣದಷ್ಟು ಸಣ್ಣವರು, ಕಡ್ಡಿಯ ಹಾಗೆ ನೀಳವಾಗಿದ್ದವರು. ಈಗಿನ ಡಾಕ್ಟರರು ಇಂಥವರಿಗೆ ಬ್ಯಾಕ್ಟೀರಿಯಾ ಅನ್ನುತ್ತಾರೆ. ಗಾಳಿ ಅವರನ್ನು ಒಣಗಿಸಿ ಅಟ್ಟಿತ್ತು, ಹೊಳೆ ಕೊಚ್ಚಿ ದಡಕ್ಕೆ ಎಸೆದಿತ್ತು.

ಕಾವಲಿನ ಹಿರಿಯಳು ಕೊಳ್ಳಿ ಎತ್ತಿದಳು. "ಯಾರು ನೀವು? ನಮ್ಮ ರಕ್ತದವರಲ್ಲ. ನಡೀರಿ ಆಚೆ."

"ಇರಲು ಜಾಗ ಇಲ್ಲ ತಾಯೀ," ಎಂದರು ಹುಳಿಮಕ್ಕಳು. "ಒಂದು ಮೂಲೆ ಕೊಟ್ಟರೆ ಸಾಕು."

ಆಗ ಬಾಗಿಲ ಒಳಗೋಡೆ ಮಾತಾಡಿತು. ಬಲು ಮೃದು ಸ್ವಭಾವದ ಗೋಡೆ ಅದು. "ಹಿರಿಯಳೇ, ಸ್ವಲ್ಪ ತಡಿ. ನನ್ನ ಮೈಯಿಂದ ದಿನಾ ಒಂದಿಷ್ಟು ಸಿಹಿ ಉದುರುತ್ತದೆ. ಸುಮ್ಮನೆ ಹಾಳಾಗುತ್ತಿದೆ. ಇವರು ತಿಂದುಕೊಂಡಿರಲಿ."

"ತಿಂದು ಏನು ಮಾಡುತ್ತಾರೆ?"

"ಹುಳಿ ಮಾಡುತ್ತೇವೆ," ಎಂದರು ಹುಳಿಮಕ್ಕಳು. "ಕೇಡು ಮಾಡಲು ಬರುವವರಿಗೆ ಹುಳಿ ಕಂಡರೆ ಆಗುವುದಿಲ್ಲ. ಅವರು ಹೊಸ್ತಿಲಲ್ಲೇ ತಿರುಗಿ ಹೋಗುತ್ತಾರೆ. ನೀವು ಬೆಂಕಿ ಹಚ್ಚುವ ಕೆಲಸವೇ ಬೀಳುವುದಿಲ್ಲ."

ಹಿರಿಯಳು ಕೊಳ್ಳಿಯನ್ನು ಕೆಳಗಿಳಿಸಿದಳು. ಅವಳಿಗೂ ಗೋಡೆ ಸುಡುವುದು ಇಷ್ಟವಿರಲಿಲ್ಲ. "ಆಗಲಿ. ನಾವು ನಿದ್ದೆ ಮಾಡುವುದಿಲ್ಲ. ಆದರೆ ನಿಮ್ಮನ್ನು ಹೊಡೆಯುವುದೂ ಇಲ್ಲ," ಎಂದಳು.

ಅಂದಿನಿಂದ ಹುಳಿಮಕ್ಕಳು ಸಿಹಿ ತಿಂದರು, ಹುಳಿ ಮಾಡಿದರು. ಗೋಡೆ ಕಾವಲಿನವರ ಕಿವಿಯಲ್ಲಿ ಹೇಳುತ್ತಿತ್ತು: ಇವರು ನಮ್ಮವರು, ಸುಮ್ಮನಿರಿ. ಕಾವಲಿನವರು ಕೊಳ್ಳಿಯನ್ನು ಬದಿಗಿಟ್ಟು ಕಣ್ಣು ತೆರೆದುಕೊಂಡು ಕೂತರು. ಕೆಂಚವ್ವನಿಗೆ ಈ ಯಾವುದೂ ಗೊತ್ತಿರಲಿಲ್ಲ. ಅವಳು ಆರೋಗ್ಯವಾಗಿ ಇದ್ದಳು, ಮಡಕೆ ತಟ್ಟಿದಳು, ಬಸಿರಾದಳು. ಊರಿನ ಬೇರೆ ಹೆಂಗಸರ ಮೈಯಲ್ಲೂ ಹುಳಿಮಕ್ಕಳ ಬಳಗ ಹೀಗೇ ನೆಲೆ ಕಂಡುಕೊಂಡಿತು.

ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಬಿಡಬೇಕಲ್ಲ.

ಆ ಊರಿನಲ್ಲಿ ಬೊಪ್ಪಯ್ಯ ಅಂತ ಒಬ್ಬನಿದ್ದ. ಊರಿಗೆ ತಾನೇ ಹಿರಿಯ ಎಂದು ಹೇಳಿಕೊಂಡು ತಿರುಗುತ್ತಿದ್ದವನು. ಒಂದು ಬೆಳಿಗ್ಗೆ ಕೆಂಚವ್ವ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವನು ಹಿಂದಿನಿಂದ ಬಂದು ನಿಂತ. ಅವಳ ಒಳಬಟ್ಟೆಯ ಮೇಲೆ ಒಂದು ಬಿಳಿಯ ಗುರುತಿತ್ತು.

"ಏನಿದು ಕೊಳೆ?" ಎಂದ.

"ಕೊಳೆ ಅಲ್ಲ ಬೊಪ್ಪಯ್ಯ, ಮೈಯಿಂದ ಬರುವ ಬಿಳುಪು," ಎಂದಳು ಕೆಂಚವ್ವ. "ಬಾಯಲ್ಲಿ ಎಂಜಲು ಇರುವುದಿಲ್ಲವೇ, ಕಣ್ಣಲ್ಲಿ ನೀರು ಇರುವುದಿಲ್ಲವೇ? ಹಾಗೇ ಇದು."

"ನಿನ್ನನ್ನು ಯಾರು ಕೇಳಿದರು?" ಎಂದ ಅವನು.

ಕೇಳಿದೆಯಾ ಮಗಳೇ? ಮಾತು ಅವಳ ಮೈಯ ಬಗ್ಗೆ, ಬಟ್ಟೆ ಅವಳದು, ಕೈ ನೋಯಿಸಿಕೊಂಡು ಒಗೆಯುತ್ತಿದ್ದವಳು ಅವಳು. ಆದರೆ ಅವಳನ್ನು ಯಾರೂ ಕೇಳಿಲ್ಲವಂತೆ.

ಬೊಪ್ಪಯ್ಯ ಗಂಡಸರನ್ನು ಸೇರಿಸಿದ. ಹೆಂಗಸರು ಬಚ್ಚಲಲ್ಲಿ ಬೂದಿ ಕದಡಿದ ಕಟು ನೀರಿನಿಂದ ದಿನಾ ಒಳಗೆ ತೊಳೆದುಕೊಳ್ಳಬೇಕು, ಹಾಗೆ ಮಾಡದವಳು ಹೊಳೆಯಿಂದ ನೀರು ತರುವ ಹಾಗಿಲ್ಲ, ಇಲ್ಲವಾದರೆ ಹೊಳೆ ಕೆಡುತ್ತದೆ ಎಂದು ಅಪ್ಪಣೆ ಮಾಡಿದ. ಕೋಲು ಹಿಡಿದವರನ್ನು ದಂಡೆಯಲ್ಲಿ ನಿಲ್ಲಿಸಿದ.

ಹೊಳೆಗೆ ಇದನ್ನು ಕೇಳಿ ರೇಗಿಹೋಯಿತು. "ನನ್ನಲ್ಲಿ ಎಮ್ಮೆ ಬಿದ್ದುಕೊಳ್ಳುತ್ತದೆ, ಬಾತುಕೋಳಿ ಹೇಲುತ್ತದೆ. ಈ ಬೊಪ್ಪಯ್ಯನೂ ದಿನಾ ಬಂದು ಕ್ಯಾಕರಿಸಿ ಉಗಿಯುತ್ತಾನೆ. ಹೆಂಗಸರಿಂದ ನನಗೆ ಕೇಡಾಯಿತು ಎಂದು ನಾನು ಯಾವತ್ತು ಹೇಳಿದೆ?"

ಹೊಳೆಯ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಂಚವ್ವ ವಾದ ಮಾಡಿದಳು, ಜಗಳ ಮಾಡಿದಳು. ಕೊನೆಗೆ ಬಾಯಾರಿಕೆ ಗೆದ್ದಿತು. ಬಸುರಿ ಎಷ್ಟು ದಿನ ನೀರಿಲ್ಲದೆ ಇದ್ದಾಳು? ಬೂದಿನೀರು ಹಾಕಿ ತೊಳೆದುಕೊಂಡಳು. ಮಾರನೆಯ ದಿನವೂ ತೊಳೆದುಕೊಂಡಳು.

ಹುಳಿಮಕ್ಕಳು ಕೊಚ್ಚಿಕೊಂಡು ಹೋದರು. ಗೋಡೆಯ ಸುಕ್ಕುಗಳ ಸಂದಿಯಲ್ಲಿ ಅವಿತುಕೊಂಡ ಕೆಲವರು ಮಾತ್ರ ಉಳಿದರು. ಬಾಗಿಲಲ್ಲಿ ಹುಳಿ ಇಲ್ಲದಾಯಿತು. ಇದಕ್ಕೇ ಕಾದಿದ್ದ ಬೇರೆ ಬೇರೆ ಜೀವಗಳು ಗುಂಪುಗುಂಪಾಗಿ ನುಗ್ಗಿದವು. ಅವಕ್ಕೆ ಸಿಹಿಯೂ ಬೇಕಿತ್ತು, ಗೋಡೆಯೂ ಬೇಕಿತ್ತು.

ಗೋಡೆ ಕೂಗಿಕೊಂಡಿತು. ಕಾವಲಿನವರು ಕೊಳ್ಳಿ ಎತ್ತಿಕೊಂಡು ಓಡಿಬಂದರು. ಎಲ್ಲಿ ನೋಡಿದರೂ ಅಪರಿಚಿತ ಮುಖಗಳು. ಅವರು ಬೆಂಕಿ ಹಚ್ಚಿದರು. ಬೇರೇನು ಮಾಡಿಯಾರು? ಅವರಿಗೆ ಗೊತ್ತಿದ್ದುದು ಅದೊಂದೇ.

ಕೆಂಚವ್ವನಿಗೆ ಉರಿ ಶುರುವಾಯಿತು, ತುರಿಕೆ ಶುರುವಾಯಿತು. ಹಿಂದೆಂದೂ ಇಲ್ಲದ ಕೆಟ್ಟ ವಾಸನೆ ಬಂತು. ಅವಳು ಮಡಕೆಯ ಚಕ್ರದ ಮುಂದೆ ಕೂರಲಾರದೆ ಹೋದಳು.

ಬೊಪ್ಪಯ್ಯ ಏನೆಂದ ಗೊತ್ತೇ? "ನಾನು ಮೊದಲೇ ಹೇಳಿರಲಿಲ್ಲವೇ, ಅದು ಕೊಳಕು ಜಾಗ ಅಂತ? ಇನ್ನೂ ಹೆಚ್ಚು ಬೂದಿ ಹಾಕು."

ಗಾಯ ಮಾಡಿದವನೇ ಗಾಯವನ್ನು ತೋರಿಸಿ ಬೈದ. ಅವಳು ಇನ್ನೂ ಹೆಚ್ಚು ಬೂದಿ ಹಾಕಿದಳು. ಬೆಂಕಿ ಇನ್ನೂ ಹೆಚ್ಚಾಯಿತು. ಅದರ ಕಾವು ಮೇಲಕ್ಕೆ, ಮಗು ಮಲಗಿದ್ದ ಗರ್ಭದ ಕಡೆಗೆ ಹತ್ತಿತು. ಇನ್ನೂ ತಿಂಗಳು ತುಂಬದ ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡಿತು.

ಕೆಂಚವ್ವ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೇ, ಮಗು ಈಗಲೇ ಬಂದುಬಿಟ್ಟರೆ ಉಳಿಯುವುದಿಲ್ಲ. ನಾನು ಏನು ತಪ್ಪು ಮಾಡಿದೆ?"

ಹಾಲವ್ವ ಸೊಸೆಯ ಪಕ್ಕದಲ್ಲಿ ಕೂತು ಯೋಚನೆ ಮಾಡಿದಳು. "ನೀನು ಏನೂ ಮಾಡಿಲ್ಲ ಕಣವ್ವ. ಬೂದಿಗೆ ಮುಂಚೆ ಚೆನ್ನಾಗಿದ್ದೆ. ಬೂದಿ ಬಂತು, ಬೇನೆ ಬಂತು. ಇಷ್ಟು ತಿಳಿಯುವುದಕ್ಕೆ ನಾವು ಇನ್ನೆಷ್ಟು ಉರಿಯಬೇಕು?"

ಅವಳು ಎದ್ದು ಬೂದಿಯ ಗಡಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊಳೆದಂಡೆಗೆ ನಡೆದಳು. ದಾರಿಯಲ್ಲಿ ಒಂದೊಂದು ಮನೆಯಿಂದಲೂ ಹೆಂಗಸರು ಹೊರಗೆ ಬಂದರು. ನಡೆಯುವಾಗ ಎಲ್ಲರಿಗೂ ನೋವಿತ್ತು. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದಳು.

ಬೊಪ್ಪಯ್ಯನ ಎದುರಿಗೇ ಹಾಲವ್ವ ಗಡಿಗೆಯನ್ನು ಕಲ್ಲಿಗೆ ಅಪ್ಪಳಿಸಿದಳು. ಬೂದಿ ಅವನ ಪಂಚೆಯ ಮೇಲೆಲ್ಲ ಹಾರಿತು.

"ನೀನು ಹುಟ್ಟಿದ್ದು ಎಲ್ಲಿಂದ ಬೊಪ್ಪಯ್ಯ?" ಎಂದಳು. ದನಿ ಏರಿಸಲೂ ಇಲ್ಲ. "ನಿನ್ನವ್ವನಿಗೆ ಹೆರಿಗೆ ಮಾಡಿಸಿದ್ದು ಈ ಕೈ. ಅವತ್ತು ನೀನು ಆ ಬಾಗಿಲನ್ನು ಕೊಳಕು ಅನ್ನಲಿಲ್ಲ. ಹೊರಗೆ ಬಂದರೆ ಸಾಕು ಅಂತ ಒದ್ದಾಡುತ್ತಿದ್ದೆ. ನಮ್ಮ ಮೈ ನಮಗೆ ಗೊತ್ತು. ಇನ್ನು ನಮ್ಮಲ್ಲಿ ಯಾರೂ ಬೂದಿ ಮುಟ್ಟುವುದಿಲ್ಲ. ದಾರಿ ಬಿಡು, ನನ್ನ ಸೊಸೆಗೆ ನೀರು ಬೇಕು."

ಕೋಲು ಹಿಡಿದು ನಿಂತಿದ್ದವರು ತಮ್ಮ ತಮ್ಮ ಅಮ್ಮಂದಿರನ್ನು, ಹೆಂಡಿರನ್ನು ಆ ಗುಂಪಿನಲ್ಲಿ ಕಂಡರು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಹೊಳೆ ತಾನಾಗಿ ಮೆಟ್ಟಿಲವರೆಗೆ ಉಕ್ಕಿಬಂದು ಹಾಲವ್ವನ ಕೊಡ ತುಂಬಿಸಿತು.

ಬೂದಿನೀರು ನಿಂತಿತು. ಗೋಡೆ ಮೆಲ್ಲಗೆ ಮತ್ತೆ ಸಿಹಿ ಉದುರಿಸಿತು. ಸುಕ್ಕುಗಳ ಸಂದಿಯಲ್ಲಿ ಅವಿತಿದ್ದ ಹುಳಿಮಕ್ಕಳು ಹೊರಗೆ ಬಂದು ತಿಂದರು, ಹೆಚ್ಚಿದರು, ಹುಳಿ ಮಾಡಿದರು. ನುಗ್ಗಿ ಬಂದಿದ್ದ ಜೀವಗಳು ಜಾಗ ಬಿಟ್ಟು ಹೋದವು.

ಕಾವಲಿನ ಹಿರಿಯಳು ಸುಟ್ಟ ಗೋಡೆಯನ್ನು ಸವರಿದಳು. "ನಿಮ್ಮನ್ನು ಕಾಣದೆ ನಮಗೆ ದಿಕ್ಕು ತೋಚಲಿಲ್ಲ," ಎಂದಳು.

"ನಾವೂ ಹೆದರಿದ್ದೆವು," ಎಂದರು ಹುಳಿಮಕ್ಕಳು.

ಕೆಂಚವ್ವನ ನೋವು ಇಳಿಯಿತು. ತಿಂಗಳು ತುಂಬಿದ ಮೇಲೆ ಹೆಣ್ಣುಮಗು ಹುಟ್ಟಿತು. ಅದು ಬಾಗಿಲು ದಾಟುವಾಗ ಹುಳಿಮಕ್ಕಳು ಅದರ ಕೆನ್ನೆಗೆ, ತುಟಿಗೆ, ಪುಟ್ಟ ಮುಷ್ಟಿಗೆ ಅಂಟಿಕೊಂಡು ಜೊತೆಗೇ ಹೊರಟರು. ಮಗುವಿನ ಮೈಯಲ್ಲಿದ್ದ ಎಳೆಯ ಕಾವಲಿನವರು ಮೊದಲು ಕಂಡದ್ದು ಅವರನ್ನೇ. ಕಂಡವರನ್ನೆಲ್ಲ ಹೊಡೆಯಬೇಕಿಲ್ಲ ಎಂದು ಅವರು ಹುಟ್ಟಿದ ಗಳಿಗೆಯಲ್ಲೇ ಕಲಿಯತೊಡಗಿದರು.

ಬೊಪ್ಪಯ್ಯ ತಪ್ಪಾಯಿತು ಅನ್ನಲಿಲ್ಲ. ಅಂಥವರು ಅನ್ನುವುದಿಲ್ಲ. ಅವನ ಮಾತು ಈಗಲೂ ಅಂಗಡಿಯಲ್ಲಿ ಘಮಘಮ ಎನ್ನುವ ಬಾಟಲಿಗಳಲ್ಲಿ ಕೂತಿದೆ. ಒಳಗೆ ತೊಳೆದುಕೋ, ನೀನು ಕೊಳಕು ಎಂದು ನಗುನಗುತ್ತಲೇ ಹೇಳುತ್ತದೆ. ನೀನು ನಂಬಬೇಡ. ಹೊರಗೆ ಬರಿಯ ನೀರು ಸಾಕು. ಉರಿ, ತುರಿಕೆ, ಕೆಟ್ಟ ವಾಸನೆ ಬಂದರೆ ನಾಚಿಕೊಂಡು ಮುಚ್ಚಿಡದೆ ಡಾಕ್ಟರ ಹತ್ತಿರ ಹೋಗು.

ಅಂದು ಬೂದಿಯ ಗಡಿಗೆ ಒಡೆದ ಮೇಲೆ ಹುಳಿಮಕ್ಕಳು ಮತ್ತೆ ಕೆಲಸಕ್ಕೆ ಕೂತರಲ್ಲ, ಅದಕ್ಕೇ ಮಗಳೇ, ಇಂದಿಗೂ ಆರೋಗ್ಯವಾಗಿರುವ ಹೆಣ್ಣಿನ ಬಟ್ಟೆಯ ಮೇಲೆ ತುಸು ಹುಳಿ ವಾಸನೆಯ ಆ ಬಿಳಿಯ ಗುರುತು ಕಾಣುತ್ತದೆ.