ಮುಳ್ಳುಹಂದಿಯ ಬಿಲದಲ್ಲಿ ನರಿಯೂ ಮೊಲವೂ

ಬೇಸಿಗೆಯ ಒಂದು ಮಧ್ಯಾಹ್ನ ಗುಡ್ಡದ ಕಾಡಿಗೆ ಬೆಂಕಿ ಬಿತ್ತು. ಇಳಿಜಾರಿನಲ್ಲಿ ಒಂಟಿಯಾಗಿ ವಾಸವಾಗಿದ್ದ ಮುಳ್ಳುಹಂದಿಯ ಬಿಲಕ್ಕೆ ತಾಯಿಮೊಲವೊಂದು ತನ್ನ ಮರಿಗಳೊಂದಿಗೆ ಓಡಿ ಬಂದಿತು.

“ಅಣ್ಣಾ, ಒಳಗೆ ಜಾಗವಿದೆಯೇ?”

“ಇದೆ ತಂಗಿ. ಆದರೆ ನನ್ನ ಮುಳ್ಳು ತಾಗೀತು, ಮರಿಗಳನ್ನು ಗೋಡೆಯ ಕಡೆ ಮಲಗಿಸು.”

ಅವು ಒಳಗೆ ಸೇರುವಷ್ಟರಲ್ಲಿ ಬಾಲ ಸುಟ್ಟುಕೊಂಡ ನರಿಯೊಂದು ಬಿಲದ ಬಾಯಿಗೆ ಬಂದು ನಿಂತಿತು. ಮೊಲ ಮರಿಗಳನ್ನು ತನ್ನ ಹಿಂದಕ್ಕೆ ತಳ್ಳಿತು. “ಅವನನ್ನು ಬಿಡಬೇಡ ಅಣ್ಣಾ. ಹಿಂದೆ ನನ್ನ ಮರಿಯೊಂದನ್ನು ತಿಂದವನು ಅವನೇ.”

“ಹೊರಗೆ ಬಿಟ್ಟರೆ ಅವನು ಬೆಂದುಹೋಗುತ್ತಾನೆ” ಎಂದು ಮುಳ್ಳುಹಂದಿ ನರಿಯನ್ನು ಒಳಗೆ ಕರೆಯಿತು. ಆಮೇಲೆ ಇಬ್ಬರ ನಡುವೆ ಅಡ್ಡಲಾಗಿ ಕುಳಿತು ಮುಳ್ಳುಗಳನ್ನು ನಿಮಿರಿಸಿತು. “ನರಿಯಪ್ಪಾ, ಬೆಂಕಿ ಆರುವವರೆಗೆ ನೀನು ನನ್ನ ಈಚೆ, ಅವರು ಆಚೆ.”

ನರಿ ತಲೆಯಾಡಿಸಿತು. ಹೊಗೆ ನುಗ್ಗಿದಾಗ ಎಲ್ಲವೂ ಒಟ್ಟಿಗೆ ಕೆಮ್ಮಿದವು.

ಬೆಂಕಿ ಆರಿದೊಡನೆ ನರಿ ಹೊರಟುಹೋಯಿತು. ಕಾಡೆಲ್ಲ ಬೂದಿಯಾಗಿತ್ತು; ಮೊಲಕ್ಕೆ ಮೇಯಲು ಒಂದು ಗರಿಕೆಯೂ ಉಳಿದಿರಲಿಲ್ಲ. ಮರಿಗಳು ಹಾಲಿಗಾಗಿ ಅಳತೊಡಗಿದವು. ಸಂಜೆ ನರಿ ಮರಳಿ ಬಂದು ದೂರದಲ್ಲೇ ನಿಂತಿತು.

“ಹಳ್ಳದ ಆಚೆ ದಡ ಸುಟ್ಟಿಲ್ಲ, ಅಲ್ಲಿ ಹಸಿ ಹುಲ್ಲಿದೆ. ನಾಳೆಯಿಂದ ನಾನು ಮತ್ತೆ ನರಿಯೇ, ತಾಯಿ. ಇವತ್ತು ಧೈರ್ಯವಾಗಿ ಮೇದು ಬಾ.”

ಮೊಲ ಮುಳ್ಳುಹಂದಿಯ ಮುಖ ನೋಡಿತು.

“ಮರಿಗಳ ಹತ್ತಿರ ನಾನಿರುತ್ತೇನೆ, ಹೋಗು” ಎಂದಿತು ಮುಳ್ಳುಹಂದಿ.

ಮೊಲ ಹಳ್ಳ ದಾಟಿ ಹೊಟ್ಟೆ ತುಂಬ ಮೇಯಿತು. ಅದು ಮೇದು ಮುಗಿಸುವವರೆಗೂ ಹಸಿದ ನರಿ ದಡದ ಮೇಲೆ ಬೆನ್ನು ತಿರುಗಿಸಿ ಕುಳಿತಿತ್ತು.