ಫಲಕದ ಅಡಿಯ ಮೂರು ತೂತು

ದಸ್ತಗೀರ ಕೇಳಿದ: "ಮಾಸ್ತರ್ರ, ಕೈ ವಾದ್ಯಕ್ಕ ಹೊಂದಬೇಕೋ, ವಾದ್ಯ ಕೈಗೆ ಹೊಂದಬೇಕೋ?"

ಸಮುವೇಲಪ್ಪ ಮಾಸ್ತರರು ಚಹದ ಲೋಟವನ್ನು ಎಡಗೈಯಿಂದ ಕೆಳಗಿಟ್ಟರು. ಬೆಟಗೇರಿಯ ಆ ಬಿಸಿಲಿನಲ್ಲೂ ಅವರು ತುಂಬುತೋಳಿನ ಅಂಗಿ ತೊಟ್ಟು, ತೋಳಿನ ಗುಂಡಿ ಹಾಕಿಕೊಂಡಿದ್ದರು. "ಯಾಕ ಕೇಳಿದಿ?" ಎಂದರು.

ದಸ್ತಗೀರ ಮಡಿಲಲ್ಲಿದ್ದ ಎಲೆಕ್ಟ್ರಿಕ್ ಗಿಟಾರನ್ನು ತೋರಿಸಿದ. ಅದು ಮಾಸ್ತರರೇ ಕೊಟ್ಟದ್ದು. ಅದರ ವಾಲ್ಯೂಮ್ ನಾಬ್ ತಂತಿಗಳಿಗೆ ತೀರಾ ಹತ್ತಿರವಿತ್ತು. ಜೋರಾಗಿ ಮೀಟಿದಾಗ ಕಿರುಬೆರಳು ತಗುಲಿ ನಾಬ್ ತಿರುಗುತ್ತಿತ್ತು, ಹಾಡಿನ ನಡುವೆಯೇ ದನಿ ಅಡಗುತ್ತಿತ್ತು. ತಗುಲಬಾರದೆಂದರೆ ಮಣಿಕಟ್ಟನ್ನು ಸೊಟ್ಟ ಮಾಡಬೇಕು. ಹಾಗೆ ಮಾಡಿ ಮಾಡಿ ಅವನ ಮಣಿಕಟ್ಟು ಬಾತಿತ್ತು. ಇನ್ನು ಹತ್ತು ದಿನಕ್ಕೆ ಅವನ ಮೊದಲ ಆರ್ಕೆಸ್ಟ್ರಾ ಕಾರ್ಯಕ್ರಮ. ಇನ್ನೊಮ್ಮೆ ದನಿ ಅಡಗಿದರೆ ಬೇರೆಯವರನ್ನು ಕರೆಯುತ್ತೇನೆಂದು ತಂಡದ ಮುಖ್ಯಸ್ಥ ಹೇಳಿಬಿಟ್ಟಿದ್ದ.

"ಎರಡು ಬೆರಳು ಹಿಂದ ಸರಿಸಿದ್ರ ಸಾಕ್ರಿ," ಎಂದ ದಸ್ತಗೀರ. "ಆದ್ರ ಇದು ನೀವು ಕೊಟ್ಟಿದ್ದು. ಇದಕ್ಕ ತೂತು ಕೊರದ್ರ ಗುರುದ್ರೋಹ ಆಗ್ತೈತೇನೋ ಅಂತ ಅಂಜಿಕಿ."

ಅದಕ್ಕೆ ಮಾಸ್ತರರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಿಟಾರ್ ವಾದಕನಿದ್ದ. ಅಂಗಡಿಯ ಗಿಟಾರು ಅವನಿಗೆ ಒಗ್ಗಲಿಲ್ಲ. ತಾನೇ ಸಾಗವಾನಿ ಹಲಗೆ ಕೊಯ್ದು ಒಂದನ್ನು ಮಾಡಿಕೊಂಡ. ಅವನ ಕಿರುಬೆರಳು ಬಲು ಉದ್ದ. ಮೀಟುತ್ತಲೇ ಆ ಬೆರಳಿನಿಂದ ನಾಬ್ ಉರುಳಿಸಿ ದನಿಯನ್ನು ಏರಿಸುತ್ತಿದ್ದ, ಇಳಿಸುತ್ತಿದ್ದ. ಕೇಳಿದವರು ತಂತಿ ಅಳುತ್ತಿದೆ ಎನ್ನುತ್ತಿದ್ದರು. ಅದಕ್ಕಾಗಿಯೇ ನಾಬನ್ನು ತಂತಿಯ ಮಗ್ಗುಲಲ್ಲೇ ಇಟ್ಟುಕೊಂಡಿದ್ದ. ಹತ್ತಾರು ಶಿಷ್ಯರು ಬಂದರು. ಎಲ್ಲರೂ ಅವನದರಂಥದ್ದೇ ಗಿಟಾರು ಮಾಡಿಸಿಕೊಂಡರು. ಮಾಡಿಸಿಕೊಳ್ಳಿ ಎಂದು ಅವನು ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ದಿನ ತೀರಿಕೊಂಡ.

ಹಿರಿಯ ಶಿಷ್ಯ ಗುರುವಾದ. ಅವನ ಕಿರುಬೆರಳು ಎಲ್ಲರ ಬೆರಳಿನಂಥದ್ದು. ನಾಬ್ ತಗುಲುತ್ತಿತ್ತು. ಅವನು ಬೆರಳನ್ನು ಮೇಲೆತ್ತಿ, ಮಣಿಕಟ್ಟು ಬಗ್ಗಿಸಿ ಬಾರಿಸಿದ. ಶಿಷ್ಯರಿಗೂ ಅದನ್ನೇ ಕಲಿಸಿದ. ಎತ್ತಿದ ಕಿರುಬೆರಳು ಕಂಡರೆ ಸಾಕು, ಜನ 'ಓಹೋ, ಆ ಮನೆಯವನು' ಎನ್ನತೊಡಗಿದರು. ಮಣಿಕಟ್ಟುಗಳು ನೋಯತೊಡಗಿದವು. ನೋವಿಗೆ ಬಟ್ಟೆ ಕಟ್ಟಿದರು. ಮೊದಲು ಕೈಗೆ ಸಿಕ್ಕಿದ ಬಟ್ಟೆ ಕೆಂಪಾಗಿತ್ತು, ಹಾಗಾಗಿ ಎಲ್ಲರೂ ಕೆಂಪನ್ನೇ ಕಟ್ಟಿದರು. ಕೆಲವು ವರ್ಷದಲ್ಲಿ ಆ ಕೆಂಪು ಪಟ್ಟಿಯೇ ಪದವಿಯಾಯಿತು. ಕಲಿಕೆ ಮುಗಿದವರ ಕೈಗೆ ಗುರುವೇ ಪಟ್ಟಿ ಕಟ್ಟುವ ಶಾಸ್ತ್ರ ಬಂತು. ಹಾರ ಬಂತು, ಪೇಢೆ ಬಂತು, ಫೋಟೊ ಬಂತು. ಯಾಕೆ ನೋಯುತ್ತದೆ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಯಾರಿಗೆ ಹೆಚ್ಚು ನೋಯುತ್ತದೆ ಎಂದು ಪೈಪೋಟಿ ಮಾಡಿದರು.

ಇನ್ನೊಂದು ಪದ್ಧತಿಯೂ ಬೆಳೆಯಿತು. ಆ ಗಿಟಾರುಗಳ ಕೊರಳ ತುದಿಯಲ್ಲಿ ತಂತಿ ಹಾಯುವ ಕಚ್ಚುಗಳು ಇಕ್ಕಟ್ಟಾಗಿದ್ದವು. ತಂತಿ ಜಗ್ಗಿ ಬಾರಿಸಿದರೆ ಅಲ್ಲಿ ಸಿಕ್ಕಿಕೊಂಡು ಶ್ರುತಿ ತಪ್ಪುತ್ತಿತ್ತು. ಪ್ರತಿ ಹಾಡಿನ ನಂತರ ನಿಂತು ಬಿರಡೆ ತಿರುವಬೇಕು. ಅದಕ್ಕೆ 'ಮೌನ' ಎಂದು ಹೆಸರಿಟ್ಟರು. ವಾದಕ ಕಣ್ಣು ಮುಚ್ಚಿ ಬಿರಡೆ ತಿರುವುತ್ತಿದ್ದ, ಜನ ಕೈಮುಗಿದು ಕಾಯುತ್ತಿದ್ದರು.

ಆ ಮನೆಗೆ ಒಬ್ಬ ಹುಡುಗಿ ಕಲಿಯಲು ಬಂದಳು. ಕೈ ಚಿಕ್ಕದು, ಬಾಯಿ ಚಿಕ್ಕದಲ್ಲ. ಆರು ವರ್ಷ ಕಲಿತಳು. ಅವಳಷ್ಟು ಚೆನ್ನಾಗಿ ಅಲ್ಲಿ ಯಾರೂ ಬಾರಿಸುತ್ತಿರಲಿಲ್ಲ. ಗುರುವಿಗೂ ಅದು ಗೊತ್ತಿತ್ತು. ಆರನೆಯ ವರ್ಷ ಅವಳ ಬಲಗೈ ಜೋಮು ಹಿಡಿಯತೊಡಗಿತು. ಬೆಳಿಗ್ಗೆ ಎದ್ದರೆ ಬಾಚಣಿಗೆ ಹಿಡಿಯಲು ಆಗುತ್ತಿರಲಿಲ್ಲ. ಹೀಗೇ ಬಾರಿಸಿದರೆ ಇನ್ನೆರಡು ವರ್ಷ, ಆಮೇಲೆ ಗಿಟಾರು ಮರೆತುಬಿಡು ಎಂದರು ಡಾಕ್ಟರು. ಅವಳು ಅದನ್ನು ಗುರುವಿಗೆ ಹೇಳಿದಳು. ಪಟ್ಟಿ ಕಟ್ಟುವ ದಿನ ಹತ್ತಿರ ಬಂತು, ತಡೆದುಕೋ ಎಂದ ಗುರು.

ಮೊದಲ ಗುರುವಿನ ಗಿಟಾರನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ವರ್ಷಕ್ಕೊಮ್ಮೆ, ಅವನ ಪುಣ್ಯತಿಥಿಯ ದಿನ, ಅದನ್ನು ವೇದಿಕೆಗೆ ತಂದು ಒಂದು ಹಾಡು ಬಾರಿಸುವುದು ವಾಡಿಕೆ. ಆ ವರ್ಷ ಅದರ ನಾಬ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಬಿಚ್ಚಿ ಒರೆಸಿದರೆ ಹೋಗುವ ಕೊಳೆ ಅಷ್ಟೆ. ಆದರೆ ಬಿಚ್ಚಲು ಯಾರೂ ಮುಂದಾಗಲಿಲ್ಲ. ನಾನು ಬಿಚ್ಚುತ್ತೇನೆ ಎಂದಳು ಹುಡುಗಿ. ಗುರುವಿನ ಎದುರಿಗೇ ಸ್ಕ್ರೂ ತೆಗೆದು ಮುಂಭಾಗದ ಪ್ಲಾಸ್ಟಿಕ್ ಫಲಕವನ್ನು ಎತ್ತಿದಳು.

ಫಲಕದ ಅಡಿಯ ಮರದಲ್ಲಿ ಮೂರು ಹಳೆಯ ತೂತುಗಳಿದ್ದವು. ಮೂರನ್ನೂ ಮರದ ಬೆಣೆ ಬಡಿದು ಮುಚ್ಚಲಾಗಿತ್ತು. ನಾಬ್ ಇದ್ದದ್ದು ನಾಲ್ಕನೆಯದರಲ್ಲಿ. ಮೊದಲ ಗುರು ಒಂದೇ ಸಲ ಕೊರೆದು ಕೈಮುಗಿದಿರಲಿಲ್ಲ. ಕೊರೆದಿದ್ದ, ಬಾರಿಸಿ ನೋಡಿದ್ದ, ಸರಿಹೋಗದೆ ಮುಚ್ಚಿದ್ದ, ಮತ್ತೆ ಕೊರೆದಿದ್ದ.

ಗುರು ಅದನ್ನು ನೋಡಿದ. ಹುಡುಗಿ ಗುರುವಿನ ಮುಖ ನೋಡಿದಳು. 'ಮುಚ್ಚು' ಎಂದ ಗುರು. ಅಷ್ಟೇ ಎಂದ.

ಇಲ್ಲಿ ಮಾಸ್ತರರು ಬಲದೋಳಿನ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮುಂದೆ ಹೇಳುವಾಗ ಅವರ ದನಿ ಗಡುಸಾಗಿತ್ತು.

ಹುಡುಗಿ ಕೊಳೆ ಒರೆಸಿ ಫಲಕ ಮುಚ್ಚಿದಳು. ಮನೆಗೆ ಹೋಗಿ ತನ್ನ ಗಿಟಾರನ್ನು ಬಿಚ್ಚಿದಳು. ನಾಬನ್ನು ಮೂರು ಬೆರಳು ಹಿಂದಕ್ಕೆ ಸರಿಸಿ ಹೊಸ ತೂತು ಕೊರೆದಳು, ಹಳೆಯದಕ್ಕೆ ಬೆಣೆ ಬಡಿದಳು. ಮುಂದೋಳು ಊರುವ ಕಡೆ ಹಲಗೆಯ ಅಂಚು ಒತ್ತುತ್ತಿತ್ತು, ಅದನ್ನು ಉಜ್ಜಿ ದುಂಡಗೆ ಮಾಡಿದಳು. ತಂತಿಯ ಕಚ್ಚುಗಳನ್ನು ಸಣ್ಣ ಅರದಿಂದ ತೀಡಿ, ಪೆನ್ಸಿಲಿನ ತುದಿಯನ್ನು ಅವುಗಳಲ್ಲಿ ತಿಕ್ಕಿದಳು. ತಂತಿ ಸಿಕ್ಕಿಕೊಳ್ಳುವುದು ನಿಂತಿತು. ಇಷ್ಟೆಲ್ಲ ಮಾಡಲು ಅವಳಿಗೆ ಒಂದು ಭಾನುವಾರ ಸಾಕಾಯಿತು. ಆ ಮನೆಯವರು ಅಷ್ಟು ವರ್ಷ ನೋವು ತಿಂದದ್ದು ಒಂದು ಭಾನುವಾರದ ಕೆಲಸಕ್ಕೆ.

ಪುಣ್ಯತಿಥಿಯ ದಿನ ಸಭೆ ತುಂಬಿತ್ತು. ಅವತ್ತೇ ಅವಳಿಗೆ ಪಟ್ಟಿ ಕಟ್ಟುವುದೆಂದು ಗೊತ್ತಾಗಿತ್ತು. ತಟ್ಟೆಯಲ್ಲಿ ಹಾರ, ಪೇಢೆ, ಕೆಂಪು ಪಟ್ಟಿ. ಹುಡುಗಿ ಗಿಟಾರಿನ ಬೆಲ್ಟು ಹೆಗಲಿಗೇರಿಸಿ ನೇರ ಮಣಿಕಟ್ಟಿನಲ್ಲಿ ಬಾರಿಸಿದಳು. ಕಿರುಬೆರಳು ಎತ್ತಲಿಲ್ಲ. ಮೊದಲ ಹಾಡು ಮುಗಿಯಿತು. ಜನ ಮೌನಕ್ಕೆಂದು ಕೈಮುಗಿದರು. ಅವಳು ಬಿರಡೆ ಮುಟ್ಟದೆ ಎರಡನೆಯದಕ್ಕೆ ಹೋದಳು. ಮುಗಿದ ಕೈಗಳನ್ನು ಏನು ಮಾಡಬೇಕೆಂದು ಜನಕ್ಕೆ ತಿಳಿಯಲಿಲ್ಲ. ಮೂರನೆಯ ಹಾಡಿಗೆ ಅವೇ ಕೈಗಳು ತಾಳ ಹಾಕಿದವು.

ಗುರು ಎದ್ದು ನಿಂತ. "ಇದು ಈ ಮನಿ ಕೈ ಅಲ್ಲ," ಎಂದ.

"ಅಲ್ರಿ," ಎಂದಳು ಹುಡುಗಿ. "ಇದು ನನ್ನ ಕೈ."

"ಆ ಜಾಗಾ ಗೊತ್ತುಮಾಡಿದವರು ದೊಡ್ಡವರು."

"ದೊಡ್ಡವರು ನಾಕು ಸಲ ಕೊರದಾರ್ರಿ, ನೀವೂ ನೋಡೀರಿ. ನಾ ಒಂದು ಸಲ ಕೊರದೀನಿ. ನಂದಿನ್ನೂ ಮೂರು ಸಲ ಬಾಕಿ ಐತಿ."

ಸಭೆಯಲ್ಲಿ ಯಾರೋ ನಕ್ಕರು. ಗುರುವಿನ ಮುಖ ಕೆಂಪಾಯಿತು. ಪಟ್ಟಿ ಬೇಕಿದ್ದರೆ ಹಳೆಯ ತೂತಿಗೆ ಬಾ, ಇಲ್ಲದಿದ್ದರೆ ಹೊರಗೆ ನಡೆ ಎಂದ. ಹುಡುಗಿ ತಟ್ಟೆಯಿಂದ ಪಟ್ಟಿಯನ್ನು ಎತ್ತಿಕೊಂಡಳು. ಜನ ಅವಳು ಸೋತಳು ಅಂದುಕೊಂಡರು. ಬಾರಿಸಿದ ಮೇಲೆ ತಂತಿಗಳ ಬೆವರು ಒರೆಸುವುದು ವಾದಕರ ರೂಢಿ. ಅವಳು ಆ ಪಟ್ಟಿಯಿಂದ ತನ್ನ ಆರೂ ತಂತಿಗಳನ್ನು ಕೊರಳಿನಿಂದ ಬುಡದವರೆಗೆ ಒಂದೊಂದಾಗಿ ಒರೆಸಿದಳು. ಪಟ್ಟಿಯನ್ನು ಮಡಿಸಿ ತಟ್ಟೆಯಲ್ಲಿ ಇಟ್ಟಳು. ಗಿಟಾರು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಇವತ್ತಿಗೂ ಎಲ್ಲೋ ಬಾರಿಸುತ್ತಿದ್ದಾಳೆ. ಕೈ ಗಟ್ಟಿಯಾಗಿದೆ.

ಮಾಸ್ತರರು ಕತೆ ನಿಲ್ಲಿಸಿದರು.

ದಸ್ತಗೀರನಿಗೆ ಸಿಟ್ಟು ಬಂದಿತ್ತು. "ಆ ಗುರು ಕಣ್ಣಾರೆ ನೋಡಿದ್ರಲ್ರಿ! ತಪ್ಪು ತಮ್ಮದ ಅಂತ ಗೊತ್ತಿದ್ದೂ ಆಕಿನ್ನ ಹೊರಗ ಹಾಕಿದ್ರು. ಆಮ್ಯಾಲರ ಏನ್ ಮಾಡಿದ್ರು?"

ಮಾಸ್ತರರು ಬಲದೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೇಲಕ್ಕೆ ಸರಿಸಿದರು. ಮಣಿಕಟ್ಟಿನ ಸುತ್ತ ಬಣ್ಣ ಮಾಸಿದ ಕೆಂಪು ಪಟ್ಟಿ ಇತ್ತು. ಮಾಸ್ತರರು ಎಡಗೈಯಿಂದ ಗಂಟು ಬಿಚ್ಚಿ ಪಟ್ಟಿಯನ್ನು ಚಾಪೆಯ ಮೇಲೆ ಹಾಕಿದರು. ಮೇಜಿನ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದು ಶಿಷ್ಯನ ಮುಂದಿಟ್ಟರು.

"ಇನ್ನೊಬ್ರು ಬಂದು ಕೇಳ್ಲಿ ಅಂತ ಆ ಗುರು ಹದಿನೆಂಟು ವರ್ಷ ಕಾದ," ಎಂದರು.