ರೀವಕ್ಕ ಕಟ್ಟಿದ ಗೂಡು

ಕಾಡು ಮುಗಿದು ಕಡಲು ಶುರುವಾಗುವ ಕಡೆ ಒಂದು ಎತ್ತರದ ಬಂಡೆಯಿತ್ತು. ಚಳಿ ಕಳೆದು ಬಿಸಿಲು ಚುರುಗುಟ್ಟುವ ಹೊತ್ತಿಗೆ ರೀವ ಎಂಬ ಬಿಳಿಯ ಕಡಲಹಕ್ಕಿಗಳು ಪ್ರತಿ ವರ್ಷ ಅಲ್ಲಿಗೆ ಬರುತ್ತಿದ್ದವು. ಅವು ಗೂಡು ಕಟ್ಟುತ್ತಿರಲಿಲ್ಲ. ಬರಿಗಲ್ಲಿನ ಮೇಲೆಯೇ ಮೊಟ್ಟೆ ಇಡುತ್ತಿದ್ದವು. ಮೊಟ್ಟೆಗೂ ಕಲ್ಲಿನದೇ ಬಣ್ಣ, ಕಲ್ಲಿನದೇ ಚುಕ್ಕೆ.

ನರಿಯೊಂದು ದಿನವಿಡೀ ಕೆಳಗೆ ದಡದಲ್ಲಿ ಕೂತು ಈ ಹಕ್ಕಿಗಳನ್ನು ನೋಡುತ್ತಿತ್ತು. "ಎಷ್ಟು ಚೆಂದ ಹಾರುತ್ತವೆ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿತ್ತು. ಚೆಂದವೂ ಇಲ್ಲ, ಮಣ್ಣೂ ಇಲ್ಲ. ಅದರ ಕಣ್ಣು ಮೊಟ್ಟೆಗಳ ಮೇಲಿತ್ತು. ಬಂಡೆಯ ಸುತ್ತಲಿನ ಕಡಲ ನೀರು ಇಳಿದಾಗ ಒಮ್ಮೆ ಬಂಡೆ ಹತ್ತಿಯೂ ನೋಡಿತ್ತು. ಹಕ್ಕಿಗಳೆಲ್ಲ ಮೇಲೆದ್ದು ಅದರ ತಲೆ ಕುಕ್ಕಿದವು. ಕಲ್ಲು ಯಾವುದು, ಮೊಟ್ಟೆ ಯಾವುದು ಎಂದು ತಿಳಿಯದೆ ಅದು ಬರಿಹೊಟ್ಟೆಯಲ್ಲಿ ಮರಳಿತ್ತು.

ಆ ವರ್ಷ ಒಂದು ರೀವಕ್ಕ ತನ್ನ ಮೊದಲ ಮೊಟ್ಟೆ ಇಟ್ಟಿತ್ತು. ಅದಕ್ಕೆ ಹೇಳತೀರದಷ್ಟು ಹೆಮ್ಮೆ. ನರಿ ಅದನ್ನೇ ಆರಿಸಿಕೊಂಡಿತು.

"ಇರುವುದೊಂದು ಕೂಸು, ಅದನ್ನೂ ಬರಿಗಲ್ಲಿನ ಮೇಲೆ ಮಲಗಿಸಿದ್ದೀಯಲ್ಲ ರೀವಕ್ಕ" ಎಂದು ಕೆಳಗಿನಿಂದಲೇ ಮರುಗಿತು. "ಗೀಜಗ ಎಂಥ ಗೂಡು ಕಟ್ಟುತ್ತದೆ, ನೋಡಿದ್ದೀಯಾ?"

"ನಮ್ಮಲ್ಲಿ ಆ ಪದ್ಧತಿ ಇಲ್ಲ ನರಿಯಣ್ಣ."

"ಬಡತನವನ್ನು ಪದ್ಧತಿ ಅಂದುಬಿಟ್ಟರೆ ಆಯಿತೇ? ಹುಲ್ಲು ನಾನು ತಂದುಕೊಡುತ್ತೇನೆ."

ರೀವಕ್ಕನಿಗೆ ನಾಚಿಕೆಯಾಯಿತು. ತನ್ನ ಮಗುವಿಗೆ ಯಾವುದೂ ಕಡಿಮೆಯಾಗಬಾರದು ಅನ್ನಿಸಿತು. ನರಿ ತಂದಿಟ್ಟ ಹಸಿರು ಹುಲ್ಲನ್ನು ಕಚ್ಚಿಕೊಂಡು ಹೋಗಿ ಮೊಟ್ಟೆಯ ಸುತ್ತ ಹಾಸಿತು. ಆಮೇಲೆ ಉಳಿದ ಹಕ್ಕಿಗಳ ಜೊತೆ ಮೀನು ಹಿಡಿಯಲು ಹಾರಿತು.

ಮೇಲೇರಿ ಒಮ್ಮೆ ತಿರುಗಿ ನೋಡಿತು. ಬಂಡೆಯ ತುಂಬ ಮೊಟ್ಟೆಗಳಿದ್ದರೂ ಒಂದೂ ಕಾಣಲಿಲ್ಲ. ತನ್ನದು ಮಾತ್ರ ಹಸಿರು ಹುಲ್ಲಿನ ನಡುವೆ ಎದ್ದು ಕಾಣುತ್ತಿತ್ತು. ನರಿಗೆ ಬೇಕಾಗಿದ್ದದ್ದು ಇದೇ ಎಂದು ರೀವಕ್ಕನಿಗೆ ಹೊಳೆಯಿತು.

ಅದು ಮೀನಿನ ಆಸೆ ಬಿಟ್ಟು ಹಿಂತಿರುಗಿತು. ಹುಲ್ಲನ್ನೆಲ್ಲ ಎತ್ತಿ, ಪಾಚಿ ಕಟ್ಟಿದ ಬಂಡೆಯಂಚಿಗೆ ಸಾಗಿಸಿ, ಅಲ್ಲಿದ್ದ ಒಂದು ಗುಂಡುಕಲ್ಲಿನ ಸುತ್ತ ಚೆಂದವಾಗಿ ಜೋಡಿಸಿತು. ಗೆಳತಿಯರು ಬಂದಾಗ ಎಲ್ಲ ಹೇಳಿತು.

ಸಂಜೆ ನೀರು ಇಳಿಯಿತು. ನರಿ ಬಂಡೆ ಹತ್ತಿತು. ಹಕ್ಕಿಗಳು ಸುಮ್ಮನೆ ಮೇಲೆದ್ದವು, ಯಾವುದೂ ಕುಕ್ಕಲಿಲ್ಲ. "ಹೆದರಿಬಿಟ್ಟವು" ಎಂದು ನರಿ ಬೀಗಿತು. ಹಸಿರು ಕಂಡಲ್ಲಿಗೆ ನೆಗೆದು ಬಾಯಿ ಹಾಕಿತು. ಕಟಕ್ಕೆಂದು ಮುಂದಿನ ಹಲ್ಲುಗಳು ಮುರಿದವು. ನೋವಿಗೆ ಹಿಂದೆ ಸರಿದಾಗ ಪಾಚಿಯ ಮೇಲೆ ಕಾಲು ಜಾರಿ ದೊಪ್ಪನೆ ಕಡಲಿಗೆ ಬಿತ್ತು. ಉಪ್ಪುನೀರು ಕುಡಿಯುತ್ತ ಹೇಗೋ ದಡ ಸೇರಿತು.

ರೀವಕ್ಕ ಅದರ ತಲೆಯ ಮೇಲೆ ಒಂದು ಸುತ್ತು ಹಾರಿತು.

"ನಾವು ಬಡವರಲ್ಲ ನರಿಯಣ್ಣ. ನಮ್ಮ ಅಮ್ಮ ಹುಟ್ಟಿದ್ದು ಈ ಕಲ್ಲಿನ ಮೇಲೆ, ನಾನು ಹುಟ್ಟಿದ್ದೂ ಇಲ್ಲೇ. ನನ್ನ ಮಗುವೂ ಇಲ್ಲೇ ಕಣ್ಣು ಬಿಡುತ್ತದೆ."

ನರಿ ಬಾಲ ಮುದುರಿಕೊಂಡು ಕಾಡು ಹೊಕ್ಕಿತು. ರೀವಕ್ಕ ಬಂಡೆಗೆ ಮರಳಿ, ಎದೆಯುಬ್ಬಿಸಿ ತನ್ನ ಮೊಟ್ಟೆಯ ಮೇಲೆ ಕೂತಿತು.

ನೀತಿ: ಕಪಟಿಯ ಮರುಕಕ್ಕೆ ಮರುಳಾಗಿ ನಮ್ಮದನ್ನು ನಾವೇ ಕೀಳೆಂದು ತಿಳಿಯಬಾರದು.